ವಿಮಾನದ ಕೀಲೆಣ್ಣೆ

ಎತ್ತಿನ ಬಂಡಿಯೇ ನಮ್ಮ ನಾಡಿನ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ಜಗಳೂರಿನ ಕಡೆಯ ರೈತನು ದೂರದ ಸಂತೆಗೋ ಜಾತ್ರೆಗೋ ಹೊರಡುವ ಮುನ್ನ ಎರಡು ಕೆಲಸಗಳನ್ನು ಮರೆಯದೆ ಮಾಡುತ್ತಿದ್ದನು. ಗಾಲಿಯನ್ನು ಸರಿಸಿ ಅಚ್ಚಿಗೆ ಕೀಲೆಣ್ಣೆಯನ್ನು ಬಳಿಯುವುದು ಒಂದು. ಕಡಾಣಿಯನ್ನು ಕೈಯಿಂದ ಅಲುಗಿಸಿ ಅದು ಭದ್ರವಾಗಿದೆಯೇ ಎಂದು ನೋಡುವುದು ಇನ್ನೊಂದು. ಹೊನ್ನಾಳಿಯ ಹೊಳೆಯಲ್ಲಿ ಹರಿಗೋಲು ಹಾಕುವ ಅಂಬಿಗನು ತಳದ ತೊಗಲನ್ನು ತಡವಿ ನೋಡದೆ ಜನರನ್ನು ಹತ್ತಿಸಿಕೊಳ್ಳನು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಮಹಾ ಜಲರಾಶಿಯ ಕ್ಷೇಮವಾದರೂ ಏರಿಯೊಂದನ್ನೇ ನಂಬಿದ್ದಲ್ಲ, ತೂಬುಗಳನ್ನೂ ನಂಬಿದೆಯೆಂಬುದು ನೀರಗಂಟಿಗೆ ಗೊತ್ತು. ಇವರು ಯಾರೂ ಯಂತ್ರಶಾಸ್ತ್ರವನ್ನು ಓದಿದವರಲ್ಲ. ಆದರೂ ದೊಡ್ಡದರ ಭಾರವನ್ನೆಲ್ಲ ಚಿಕ್ಕದೊಂದು ಹೊತ್ತಿರುವುದೆಂಬ ತತ್ತ್ವವನ್ನು ಅನುಭವದಿಂದ ಅರಿತಿದ್ದರು.

ಈ ತತ್ತ್ವವು ಆಕಾಶಯಾನದಲ್ಲಿ ಎಷ್ಟರಮಟ್ಟಿಗೆ ಸತ್ಯವಾಗಿದೆ ಎಂಬುದನ್ನು ಈ ಹೊತ್ತು ವಿಚಾರಿಸೋಣ. ಇದು ಪೈಲಟ್ಟುಗಳಿಗೂ ಇಂಜಿನಿಯರುಗಳಿಗೂ ಸಂಬಂಧಿಸಿದ ವಿಷಯ, ನಮಗೇಕೆ ಎಂದು ಶ್ರೋತೃಗಳು ಕೇಳಬಹುದು. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣವು ಆರಂಭವಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರ ಮೊದಲ ವಿಮಾನವು ಅಲ್ಲಿಗೆ ಬಂದಿಳಿಯಿತು. ಅಂದಿನಿಂದ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳ ಅಡಕೆ ವರ್ತಕನಿಗೂ, ಊರಿಗೆ ಬಂದುಹೋಗುವ ಮಕ್ಕಳಿಗೂ, ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗೂ ವಿಮಾನವು ಹೆಚ್ಚು ಕಡಮೆ ನೆರೆಯೂರಿನ ಬಸ್ಸಿನಂತಾಗಿದೆ. ಬಂಡಿಯನ್ನು ಹತ್ತುವವನು ಕಡಾಣಿಯನ್ನು ತಾನೇ ನೋಡಬಲ್ಲನು. ವಿಮಾನವನ್ನು ಹತ್ತುವವನು ನೋಡಲಾರನು. ಆದುದರಿಂದ ಅವನ ಪರವಾಗಿ ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ, ನೋಡದೆ ಹೋದರೆ ಏನಾಗುತ್ತದೆ ಎಂಬುದನ್ನಾದರೂ ನಾವು ತಿಳಿದಿರಬೇಡವೆ?

ಮೊದಲು ವಿಮಾನದ ಅಂಗಗಳನ್ನು ಸ್ಥೂಲವಾಗಿ ನೋಡೋಣ. ರೆಕ್ಕೆಗಳ ಹಿಂದಂಚಿನಲ್ಲಿ ಏಲೆರಾನ್ ಎಂಬ ಎರಡು ಹಲಗೆಗಳುಂಟು. ಒಂದು ಮೇಲಕ್ಕೂ ಒಂದು ಕೆಳಕ್ಕೂ ಹೊರಳಿದರೆ ವಿಮಾನವು ಪಕ್ಕಕ್ಕೆ ಬಾಗುವುದು. ಬಾಲದ ಅಡ್ಡ ರೆಕ್ಕೆಯಲ್ಲಿರುವ ಎಲಿವೇಟರ್ ಮೂತಿಯನ್ನು ಏರಿಸುವುದು, ಇಳಿಸುವುದು. ನೆಟ್ಟಗೆ ನಿಂತಿರುವ ಬಾಲದ ರಡ್ಡರ್ ದೋಣಿಯ ಚುಕ್ಕಾಣಿಯಂತೆ ಎಡಬಲಕ್ಕೆ ತಿರುಗಿಸುವುದು. ಇಂಜಿನು ನಿಂತುಹೋದ ವಿಮಾನವನ್ನು ಜಾಣನಾದ ಪೈಲಟ್ಟು ತೇಲಿಸಿಕೊಂಡು ಬಂದು ಇಳಿಸಬಹುದು. ಆದರೆ ಈ ಹಲಗೆಗಳು ಮಾತು ಕೇಳದೆ ಹೋದರೆ ಅವನ ಜಾಣತನಕ್ಕೆ ಎಡೆ ತೀರ ಕಡಮೆ. ಸೋಗಾನೆಯಲ್ಲಿ ಮೊದಲು ಬಂದಿಳಿದ ಎ.ಟಿ.ಆರ್. ಜಾತಿಯ ವಿಮಾನದಲ್ಲಿ ಪೈಲಟ್ಟಿನ ಕೈಗೂ ಈ ಹಲಗೆಗಳಿಗೂ ನಡುವೆ ಇರುವುದು ಉಕ್ಕಿನ ಹುರಿ, ರಾಟೆ, ದಂಡ, ಕೀಲು ಇವೇ. ದೊಡ್ಡ ಜೆಟ್ ವಿಮಾನಗಳಲ್ಲಿ ಹಲಗೆಗಳನ್ನು ದೂಡಲು ದ್ರವದ ಒತ್ತಡವನ್ನು ಉಪಯೋಗಿಸುತ್ತಾರೆ. ಈಚಿನವುಗಳಲ್ಲಿ ಅಪ್ಪಣೆಯನ್ನು ಒಯ್ಯುವುದು ಕಂಪ್ಯೂಟರು.

ಹುರಿಯು ರಾಟೆಯ ಮೇಲೆ ಸವೆಯುವುದು, ಕೀಲು ಸಡಿಲವಾಗುವುದು, ಲೋಹವು ಲಕ್ಷಾಂತರ ಬಾರಿ ಬಳುಕಿ ಬಳುಕಿ ಕಣ್ಣಿಗೆ ಕಾಣದ ಬಿರುಕನ್ನು ಪಡೆಯುವುದು, ಎಣ್ಣೆ ಆರಿಹೋಗುವುದು, ಬಿಚ್ಚಿದ್ದನ್ನು ಜೋಡಿಸುವಾಗ ತಪ್ಪು ಮಾಡುವುದು: ಅಪಾಯವು ಬರುವ ದಾರಿಗಳು ಇವು. ಅದಕ್ಕಾಗಿ ಹಾರಿದ ಗಂಟೆಗಳನ್ನೂ, ಏರಿಳಿದ ಸಲಗಳನ್ನೂ, ಕಳೆದ ತಿಂಗಳುಗಳನ್ನೂ ಲೆಕ್ಕವಿಟ್ಟು ತಪಾಸಣೆ ನಡೆಸುತ್ತಾರೆ. ಇದಲ್ಲದೆ ಒಂದು ಜಾತಿಯ ವಿಮಾನದಲ್ಲಿ ಎಲ್ಲಿಯಾದರೂ ಹೊಸದೊಂದು ದೋಷವು ಕಂಡುಬಂದರೆ, ಆ ಜಾತಿಯ ವಿಮಾನಗಳನ್ನೆಲ್ಲ ಇಂತಿಷ್ಟು ಅವಧಿಯೊಳಗೆ ಪರೀಕ್ಷಿಸತಕ್ಕದ್ದೆಂದು ಸರ್ಕಾರದ ವಿಮಾನಯಾನ ಇಲಾಖೆಯು ಆಜ್ಞೆ ಹೊರಡಿಸುವುದುಂಟು. ವಿಮಾನವನ್ನು ಕಟ್ಟಿದವರು ಬರೆದು ಕಳುಹಿಸುವ ಸೂಚನೆಯು ಸಲಹೆ. ಸರ್ಕಾರವು ಹೊರಡಿಸುವುದು ಶಾಸನ. ಅದನ್ನು ಪಾಲಿಸದ ವಿಮಾನವು ನೆಲ ಬಿಟ್ಟು ಏಳಕೂಡದು.

ಇಂಥ ಕೆಲಸಕ್ಕೆ ಶಾಸನವೇಕೆ? ಜಗಳೂರಿನ ರೈತನಿಗೆ ಯಾವ ಸರ್ಕಾರವೂ ಕೀಲೆಣ್ಣೆಯ ಆಜ್ಞೆಯನ್ನು ಹೊರಡಿಸಲಿಲ್ಲವಲ್ಲ! ಭೇದವು ಇಲ್ಲಿದೆ. ಬಂಡಿಯಲ್ಲಿ ಕೀಲೆಣ್ಣೆಯ ಖರ್ಚೂ ಅವನದೇ, ಬಂಡಿ ಉರುಳಿದರೆ ಮುರಿಯುವ ಕಾಲೂ ಅವನದೇ. ವಿಮಾನದಲ್ಲಿ ಹಾಗಲ್ಲ. ಒಂದು ದಿನ ನಿಲ್ಲಿಸಿದರೆ ನಷ್ಟವಾಗುವುದು ಮಾಲೀಕರಿಗೆ. ನಿಲ್ಲಿಸದಿದ್ದರೆ ಪ್ರಾಣ ಹೋಗುವುದು ಪ್ರಯಾಣಿಕರಿಗೆ ಮತ್ತು ವಿಮಾನದ ಸಿಬ್ಬಂದಿಗೆ. ಖರ್ಚು ಒಬ್ಬರದೂ ಅಪಾಯ ಮತ್ತೊಬ್ಬರದೂ ಆದಾಗ ಎಚ್ಚರವು ತಾನಾಗಿ ಹುಟ್ಟುವುದಿಲ್ಲ. ಅದನ್ನು ಕಟ್ಟಳೆಯಿಂದಲೇ ಹುಟ್ಟಿಸಬೇಕು.

ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ದುರಂತವು ಮನಮುಟ್ಟುವ ನಿದರ್ಶನವಾಗಿದೆ. 2000ನೆಯ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸಿನ ಎಂ.ಡಿ. 83 ಜಾತಿಯ ವಿಮಾನವೊಂದು ಮೆಕ್ಸಿಕೋದಿಂದ ಹೊರಟು ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಬಿದ್ದು, ಒಳಗಿದ್ದ 88 ಮಂದಿಯೂ ಮಡಿದರು. ಆ ವಿಮಾನದ ಬಾಲದ ಅಡ್ಡ ರೆಕ್ಕೆಯನ್ನು ಏರಿಳಿಸಲು ಉದ್ದವಾದ ಉಕ್ಕಿನ ತಿರುಪು ಮೊಳೆಯೊಂದು ಕಂಚಿನ ನಟ್ಟಿನೊಳಗೆ ತಿರುಗುತ್ತಿದ್ದಿತು. ಸಮುದ್ರದಿಂದ ಮೇಲೆತ್ತಿದಾಗ ನಟ್ಟಿನ ಒಳಗಿನ ಎಳೆಗಳು ಪೂರ್ತಿಯಾಗಿ ಸವೆದು ಕಿತ್ತುಹೋಗಿದ್ದವು. ಕಾರಣವೇನು? ತಿರುಪಿಗೆ ಸಾಕಷ್ಟು ಗ್ರೀಸು ಇರಲಿಲ್ಲ. ಅಷ್ಟೆ! ನಮ್ಮ ಬಂಡಿಯವನ ಮಾತಿನಲ್ಲಿ ಹೇಳುವುದಾದರೆ, ಕೀಲೆಣ್ಣೆ ಆರಿತ್ತು.

ಆದರೆ ಕೀಲೆಣ್ಣೆ ತಾನಾಗಿ ಆರಲಿಲ್ಲ. ಗ್ರೀಸು ಹಾಕುವ ಅವಧಿಯನ್ನು ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತ ಬಂದು 1996ರಲ್ಲಿ 8 ತಿಂಗಳಿಗೆ ಒಯ್ದಿದ್ದರು. ನಟ್ಟು ಎಷ್ಟು ಸವೆದಿದೆ ಎಂದು ಅಳೆಯುವ ಅವಧಿಯನ್ನೂ ಹಾಗೆಯೇ ಲಂಬಿಸಿ 30 ತಿಂಗಳು ಮಾಡಿದ್ದರು. ಇದಕ್ಕೆ ಸರ್ಕಾರದ ಇಲಾಖೆಯ ಒಪ್ಪಿಗೆಯೂ ಇದ್ದಿತು. 1997ರ ಸೆಪ್ಟೆಂಬರಿನಲ್ಲಿ ಈ ವಿಮಾನವನ್ನೇ ಪರೀಕ್ಷಿಸಿದಾಗ ನಟ್ಟಿನ ಸಡಿಲವು ಅಂಗುಲದ ಸಾವಿರದಲ್ಲಿ 40 ಭಾಗವೆಂದು ಕಂಡಿತು. ಅದೇ ಅನುಮತಿಸಿದ ಕೊನೆಯ ಮೇರೆ. ನಟ್ಟನ್ನು ಬದಲಿಸಬೇಕೆಂದು ಆ ಪಾಳಿಯವರು ಬರೆದಿಟ್ಟರು. ಮುಂದಿನ ಪಾಳಿಯವರು ಮತ್ತೆ ಮತ್ತೆ ಅಳೆದರು. 33 ಭಾಗವೆಂದು ಕಂಡಿತು. ಬದಲಿಸುವ ಮಾತನ್ನು ಬಿಟ್ಟು ವಿಮಾನವನ್ನು ಹಾರಲು ಕಳುಹಿಸಿದರು. ಮುಂದಿನ ಅಳತೆಯು 2000ನೆಯ ಮಾರ್ಚಿಗೆ ನಿಗದಿಯಾಗಿದ್ದಿತು. ಜನವರಿಯಲ್ಲೇ ವಿಮಾನವು ಕಡಲಿಗೆ ಬಿದ್ದಿತು.

ಮರಳಿ ಅಳೆದವರನ್ನು ಇಲ್ಲಿ ಕುಳಿತು ನಿಂದಿಸುವುದು ನಮ್ಮ ಉದ್ದೇಶವಲ್ಲ. ತನಿಖಾ ಮಂಡಲಿಯು ಮುಖ್ಯ ದೋಷವನ್ನು ಗ್ರೀಸಿನ ಅಭಾವದ ಮೇಲೆಯೂ, ಅವಧಿಗಳನ್ನು ಹಿಗ್ಗಿಸಿದ ನಿರ್ಧಾರದ ಮೇಲೆಯೂ, ಆ ಒಂದು ನಟ್ಟು ಸೋತರೆ ಹಿಡಿದುಕೊಳ್ಳಲು ಬೇರೊಂದಿಲ್ಲದ ರಚನೆಯ ಮೇಲೆಯೂ ಹೊರಿಸಿತು. ನಾವು ಗಮನಿಸಬೇಕಾದುದು ಇದು: ಅವಧಿಯನ್ನು ಲಂಬಿಸಿದ ಪ್ರತಿಯೊಂದು ಸಲವೂ ಏನೂ ಆಗಲಿಲ್ಲ, ಏನೂ ಆಗದಿದ್ದುದೇ ಮತ್ತೆ ಲಂಬಿಸಲು ಆಧಾರವಾಯಿತು. ಅವಘಡವಾದ ಮೇಲೆ ಗ್ರೀಸು ಪ್ರತಿ 650 ಗಂಟೆಗಳ ಹಾರಾಟಕ್ಕೆ, ಅಳತೆ ಪ್ರತಿ 2,000 ಗಂಟೆಗಳಿಗೆ ಎಂದು ಕಡ್ಡಾಯವಾಯಿತು.

ಹಾಗಾದರೆ ದಿನದಿನವೂ ಎಲ್ಲವನ್ನೂ ಬಿಚ್ಚಿ ನೋಡಿದರೆ ಕ್ಷೇಮವೋ ಎಂದರೆ ಅದೂ ಅಲ್ಲ. ಬಿಚ್ಚುವ ಕೈಯೇ ತಪ್ಪನ್ನೂ ಮಾಡಬಲ್ಲುದು. ಲ್ಯಾಂಕಾಸ್ಟರ್ ಬಾಂಬರನ್ನು ರಚಿಸಿದ ಪ್ರಸಿದ್ಧ ಇಂಜಿನಿಯರ್ ರಾಯ್ ಚಾಡ್ವಿಕ್ಕರು 1947ರ ಆಗಸ್ಟ್ 23ರಂದು ತಮ್ಮದೇ ಹೊಸ ರಚನೆಯಾದ ಟ್ಯೂಡರ್ ವಿಮಾನದಲ್ಲಿ ಕುಳಿತು ಹೊರಟರು. ದುರಸ್ತಿಯಲ್ಲಿ ಏಲೆರಾನಿನ ಹುರಿಗಳನ್ನು ಅದಲು ಬದಲಾಗಿ ಕಟ್ಟಿದ್ದರು. ಪೈಲಟ್ಟು ಎಡಕ್ಕೆ ತಿರುಗಿಸಿದರೆ ವಿಮಾನವು ಬಲಕ್ಕೆ ಬಾಗುವಂತಾಗಿ, ಏರಿದ ಕೆಲವೇ ಕ್ಷಣಗಳಲ್ಲಿ ಬಿದ್ದು ಚಾಡ್ವಿಕ್ಕರು ಸಹಚರರೊಡನೆ ಮೃತರಾದರು. ಹುರಿಗಳನ್ನು ಕಟ್ಟಿದವನಲ್ಲದ ಬೇರೊಬ್ಬನು ಸರಿಯಾಗಿ ನೋಡಿದ್ದರೆ ಆ ತಪ್ಪು ಕಣ್ಣಿಗೆ ಬೀಳಬಹುದಾಗಿತ್ತು. ಹಾರಾಟವನ್ನು ನಿಯಂತ್ರಿಸುವ ಯಾವ ಅಂಗವನ್ನು ಬಿಚ್ಚಿ ಜೋಡಿಸಿದರೂ, ಜೋಡಿಸಿದವನು ಒಮ್ಮೆ, ಸಂಬಂಧವಿಲ್ಲದ ಎರಡನೆಯವನು ಮತ್ತೊಮ್ಮೆ ನೋಡಿ ಇಬ್ಬರೂ ಸಹಿ ಹಾಕಬೇಕೆಂಬ ವಿಧಿಯ ಬೆಲೆಯು ಇಂಥ ಸಂದರ್ಭದಲ್ಲಿ ತಿಳಿಯುವುದು. ಇದು ನಮ್ಮಲ್ಲಿ ಲೆಕ್ಕಪತ್ರಗಳನ್ನು ಇಬ್ಬರು ತಾಳೆ ನೋಡುವ ಪದ್ಧತಿಯಂತೆಯೇ. ಮೊದಲನೆಯವನ ಮೇಲೆ ಅಪನಂಬಿಕೆಯಿಂದಲ್ಲ, ಮನುಷ್ಯನ ಕಣ್ಣು ತಾನು ಮಾಡಿದುದರಲ್ಲಿ ತಪ್ಪನ್ನು ಕಾಣಲಾರದೆಂಬ ವಿವೇಕದಿಂದ ಹುಟ್ಟಿದ ವಿಧಿ.

ಇವು ಪರದೇಶದ ಸಂಗತಿಗಳಾದುವು. ನಮ್ಮ ನಾಡಿನ ಕಡೆಗೆ ಬರೋಣ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ನಮಗೆಲ್ಲ ಹೆಮ್ಮೆಯದು. ಅಲ್ಲಿ ರೂಪುಗೊಂಡು 1992ರಲ್ಲಿ ಮೊದಲು ಹಾರಿದ ಧ್ರುವ್ ಹೆಲಿಕಾಪ್ಟರು ಹಿಮಾಲಯದ ಶಿಖರಗಳಲ್ಲಿಯೂ ಪ್ರವಾಹದ ನಡುವೆಯೂ ಎಷ್ಟೋ ಜೀವಗಳನ್ನು ಉಳಿಸಿದೆ. ಹೆಲಿಕಾಪ್ಟರಿನಲ್ಲಿ ತಿರುಗುವ ಅಲಗುಗಳ ಕೆಳಗೆ ಸ್ವಾಶ್ ಪ್ಲೇಟ್ ಎಂಬ ತಟ್ಟೆಯಿರುವುದು. ಪೈಲಟ್ಟು ಹಿಡಿಕೆಯನ್ನು ಬಾಗಿಸಿದರೆ ದಂಡಗಳು ಈ ತಟ್ಟೆಯನ್ನು ಓರೆ ಮಾಡುತ್ತವೆ. ತಟ್ಟೆಯು ಅಲಗುಗಳನ್ನು ಓರೆ ಮಾಡುತ್ತದೆ. ಏರುವುದು, ಇಳಿಯುವುದು, ಮುಂದಕ್ಕೆ ಸಾಗುವುದು ಎಲ್ಲವೂ ಇದರ ಮೂಲಕವೇ.

2023ರ ಮಾರ್ಚಿನಲ್ಲಿ ಮುಂಬಯಿಯ ಕಡಲಿನಲ್ಲಿ ಒಂದು, ಕೊಚ್ಚಿಯಲ್ಲಿ ಒಂದು ಧ್ರುವ್ ಅವಘಡಕ್ಕೆ ಈಡಾದುವು. ಆಗ ನಿಯಂತ್ರಣದ ದಂಡಗಳನ್ನು ತಪಾಸಣೆ ಮಾಡಿದರು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಸಿಬ್ಬಂದಿ ಮಡಿದರು. ತನಿಖೆಯಲ್ಲಿ ಸ್ವಾಶ್ ಪ್ಲೇಟಿನ ಮುರಿತವು ಹೊರಬಿದ್ದಿತು. 300ಕ್ಕೂ ಮಿಕ್ಕಿದ ಧ್ರುವ್‌ಗಳನ್ನು ನೆಲದ ಮೇಲೆ ನಿಲ್ಲಿಸಿದರು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಅವು ಕಾಣಲಿಲ್ಲ. ಫೆಬ್ರವರಿಯಲ್ಲಿ ತಮ್ಮ ತವರಾದ ಬೆಂಗಳೂರಿನ ಯಲಹಂಕದಲ್ಲಿಯೇ ನಡೆದ ವಿಮಾನ ಪ್ರದರ್ಶನದಲ್ಲಿಯೂ ಹಾರಲಿಲ್ಲ. ಸೇನೆ ಮತ್ತು ವಾಯುಪಡೆಗಳ ಹೆಲಿಕಾಪ್ಟರುಗಳಿಗೆ ಅನುಮತಿ ದೊರೆತುದು ಮೇ ತಿಂಗಳ ಹೊತ್ತಿಗೆ. ಸ್ವದೇಶಿ ವಸ್ತುವನ್ನು ಸ್ವದೇಶಿ ಉತ್ಸವದಲ್ಲಿ ಹಾರಿಸದೆ ನಿಲ್ಲಿಸುವುದು ಸುಲಭವಾದ ನಿರ್ಧಾರವಲ್ಲ. ಅಭಿಮಾನಕ್ಕೆ ನೋವಾಗುವುದು, ಜಗತ್ತಿನ ಗ್ರಾಹಕರು ನೋಡುತ್ತಿರುವರು. ಆದರೂ ನಿಲ್ಲಿಸಿದುದು ಸರಿಯಾಯಿತೆಂದೇ ನಮ್ಮ ಅಭಿಪ್ರಾಯ. ಬಿದ್ದ ಮೇಲೆ ನಿಲ್ಲಿಸುವುದಕ್ಕಿಂತ ಬೀಳುವ ಮೊದಲೇ ಬಿರುಕನ್ನು ಹಿಡಿಯುವ ತಪಾಸಣೆಯು ಮೇಲೆಂಬುದನ್ನೂ ಒಡನೆಯೇ ಹೇಳಬೇಕು. ಆ ಮೂವರ ಮನೆಗಳಿಗೆ ನಾವು ಕೊಡಬಹುದಾದ ಮರ್ಯಾದೆಯೆಂದರೆ ಈ ಪಾಠವನ್ನು ಮರೆಯದಿರುವುದು.

ಈಗ ಕೀಲು ಎಂಬುದು ಲೋಹದ್ದೇ ಆಗಬೇಕೆಂದಿಲ್ಲ. 2025ರ ಅಕ್ಟೋಬರ್ 30ರಂದು ಅಮೆರಿಕದ ಒಂದು ಏರ್‌ಬಸ್ ಎ 320 ವಿಮಾನವು ಹಾರುತ್ತಿರುವಾಗಲೇ ಇದ್ದಕ್ಕಿದ್ದಂತೆ ಕೆಳಕ್ಕೆ ಬಾಗಿತು. ಸೂರ್ಯನ ತೀವ್ರ ವಿಕಿರಣದಿಂದ, ಹಲಗೆಗಳನ್ನು ಆಳುವ ಕಂಪ್ಯೂಟರಿನ ಅಂಕೆಗಳು ಕೆಡಬಹುದೆಂದು ವಿಚಾರಣೆಯಿಂದ ತಿಳಿಯಿತು. ನವೆಂಬರ್ 28ರಂದು ತುರ್ತು ಆಜ್ಞೆ ಹೊರಟಿತು. ಜಗತ್ತಿನಲ್ಲಿ ಸುಮಾರು 6,000 ವಿಮಾನಗಳಿಗೆ ಅದು ತಗಲಿತು. ಭಾರತದಲ್ಲಿ ಅಂಥವು 338. ನಮ್ಮ ವಿಮಾನಯಾನ ನಿರ್ದೇಶನಾಲಯವೂ ತಿದ್ದುಪಡಿಯನ್ನು ಕಡ್ಡಾಯ ಮಾಡಿತು, ಎರಡು ಮೂರು ದಿನಗಳೊಳಗೆ ಕೆಲಸವು ಮುಗಿಯಿತು. ಆ ದಿನಗಳಲ್ಲಿ ಕೆಲವು ವಿಮಾನಗಳು ತಡವಾದುವು, ನಿಲ್ದಾಣಗಳಲ್ಲಿ ಜನರು ಬೇಸರಗೊಂಡರು.

ಆ ಬೇಸರದ ಬಗೆಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ಹೊತ್ತಿಗೆ ಸರಿಯಾಗಿ ಹೊರಡದ ವಿಮಾನವನ್ನು ಕಂಡು ನಾವು ಸಿಡಿಮಿಡಿಗೊಳ್ಳುವುದು ಸಹಜ. ಮದುವೆಯ ಮುಹೂರ್ತ, ಕೋರ್ಟಿನ ವಾಯಿದೆ, ಆಸ್ಪತ್ರೆಯ ಹೊತ್ತು ಯಾವುದೂ ನಮಗಾಗಿ ಕಾಯುವುದಿಲ್ಲ. ಆದರೆ ನಮ್ಮ ಸಿಡಿಮಿಡಿಯು ಮಾಲೀಕನ ಕಿವಿಗೆ ಬೀಳುವುದು, ಮಾಲೀಕನ ಅವಸರವು ಮೇಲ್ವಿಚಾರಕನಿಗೆ ಮುಟ್ಟುವುದು, ಮೇಲ್ವಿಚಾರಕನ ಮುಖಭಾವವು ರಾತ್ರಿಯ ಪಾಳಿಯಲ್ಲಿ ದೀಪ ಹಿಡಿದು ಬಾಲದ ಕೆಳಗೆ ನಿಂತ ಕೆಲಸಗಾರನಿಗೆ ಕಾಣುವುದು. 40 ಎಂದು ಕಂಡುದನ್ನು 40 ಎಂದೇ ಬರೆದು, ಈ ವಿಮಾನವು ನಾಳೆ ಹಾರಕೂಡದೆಂದು ಹೇಳಬೇಕಾದವನು ಆತನೇ. ಆತನಿಗೆ ಆ ಧೈರ್ಯವನ್ನು ಕೊಡುವುದೇ ಕಡ್ಡಾಯದ ಶಾಸನದ ನಿಜವಾದ ಪ್ರಯೋಜನ. ಶಾಸನವು ಆತನ ಬೆನ್ನಿಗೆ ನಿಂತರೆ ಸಾಲದು. ಪ್ರಯಾಣಿಕರಾದ ನಾವೂ ನಿಲ್ಲಬೇಕು. ತಪಾಸಣೆಗಾಗಿ ತಡವಾದ ಹೊತ್ತನ್ನು ತಾಳ್ಮೆಯಿಂದ ಸಹಿಸುವುದು ನಮ್ಮ ಕರ್ತವ್ಯ. ತಪಾಸಣೆಯಲ್ಲಿ ಕಂಡುದನ್ನು ಮುಚ್ಚಿಡದೆ ಪ್ರಕಟಿಸಬೇಕೆಂದು ಕೇಳುವುದು ನಮ್ಮ ಹಕ್ಕು.

ಜಗಳೂರಿನ ರೈತನು ಕೀಲೆಣ್ಣೆ ಬಳಿಯುವಾಗ ಬಂಡಿಯೊಳಗೆ ಕುಳಿತ ಹೆಂಡತಿ ಮಕ್ಕಳು ಹೊತ್ತಾಯಿತೆಂದು ಗೊಣಗಿದ್ದುಂಟು. ಅವನು ಕೈಗೆ ಹತ್ತಿದ ಕಪ್ಪನ್ನು ಹುಲ್ಲಿನಿಂದ ಒರೆಸಿಕೊಂಡು, ಕಡಾಣಿಯನ್ನು ಇನ್ನೊಮ್ಮೆ ಅಲುಗಿಸಿ ನೋಡಿದ ಮೇಲೆಯೇ ಎತ್ತುಗಳನ್ನು ಹೂಡುತ್ತಿದ್ದನು.