ಹಳೆಯ ಮನೆಯ ತಂತಿಯ ಸಂಧಿಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಗೆ, ಕಟ್ಟಿದ ಮನೆಯನ್ನು ಕೊಂಡು ನೋಡು ಎಂಬ ಮಾತನ್ನೂ ಸೇರಿಸಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಹಳೆಯ ಮನೆ ಕೊಂಡವರಿಗೆ ಶಹಾಬಾದ ಕಲ್ಲಿನ ಫರಸಿಯ ಜೊತೆಗೆ, ಹಿಂದಿನವರು ಟಿ.ವಿ.ಗೆಂದು ಎಳೆಸಿದ ಕಪ್ಪು ಕೇಬಲ್ಲೂ ದೊರೆಯುವುದುಂಟು. ಅದರಲ್ಲಿಯೇ ಅಂತರ್ಜಾಲವೂ ಬರಬಲ್ಲದು. ಆದರೆ ಮಗಳು ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೇ ಸಂಪರ್ಕ ಕಡಿಯಿತೆಂದರೆ, ಫರಸಿ ಕೀಳಿಸಿ ಹೊಸ ತಂತಿ ಹಾಕಿಸಿರೆಂದು ಹೇಳುವವರಿಗೆ ಕೊರತೆಯಿಲ್ಲ. ಹಾರೆ ತರಿಸುವ ಮುನ್ನ ಸ್ವಲ್ಪ ತಾಳಿರಿ. ದೋಷವಿರುವುದು ಬಹುಮಟ್ಟಿಗೆ ತಂತಿಯ ಉದ್ದದಲ್ಲಲ್ಲ, ಅದು ಕೂಡುವ ಕಡೆಯಲ್ಲಿ.

1880ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಹಕ್ಕುಪತ್ರ ಪಡೆದ ಈ ಬಗೆಯ ತಂತಿಗೆ ಕೋಆಕ್ಸಿಯಲ್ ಕೇಬಲ್ ಎಂದು ಹೆಸರು. ನಡುವೆ ಒಂದು ಲೋಹದ ಎಳೆ, ಅದರ ಸುತ್ತ ಬಿಳಿಯ ನಿರೋಧಕ, ಅದರ ಮೇಲೆ ಲೋಹದ ಜಾಲರಿ, ಹೊರಗೆ ಹೊದಿಕೆ. ನಡುವಿನ ಎಳೆ ಸಂದೇಶವನ್ನು ಹೊತ್ತರೆ, ಜಾಲರಿ ಅದಕ್ಕೆ ಹಿಂದಿರುಗುವ ದಾರಿಯೂ ಹೌದು, ಕಾವಲೂ ಹೌದು.

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ತಂತಿಯ ಸಂಧಿಗೂ ಇವು ಸಲ್ಲುತ್ತವೆ. ಮೊದಲನೆಯದು ಲೋಪ. ಒಂದು ತಂತಿಯನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಪ್ರತಿ ಕವಲಿನಲ್ಲೂ ಸುಮಾರು 3.5 ಡೆಸಿಬೆಲ್ ಕಳೆಯುತ್ತದೆ. ಇಂಥವೆರಡು ಒಂದರ ಹಿಂದೊಂದು ಇದ್ದರೆ, ಮೋಡೆಮ್‌ಗೆ ತಲುಪುವುದು ಐದರಲ್ಲಿ ಒಂದು ಪಾಲು ಶಕ್ತಿ ಮಾತ್ರ. ಎರಡನೆಯದು ಆಗಮ. ಸಡಿಲವಾದ ಕನೆಕ್ಟರ್‌ನೊಳಗೆ ಮಳೆಗಾಲದ ನೀರೂ ಧೂಳೂ ಹೊರಗಿನ ರೇಡಿಯೊ ಅಲೆಗಳೂ ಕರೆಯದೆ ನುಗ್ಗುತ್ತವೆ. ಇವಕ್ಕೆ ಪರಿಹಾರವೇ ಆದೇಶ: ಹಸಿರುಗಟ್ಟಿದ ತುದಿಯನ್ನು ಕತ್ತರಿಸಿ, ಅದರ ಸ್ಥಾನದಲ್ಲಿ ಹೊಸ ಕನೆಕ್ಟರ್ ಕೂಡಿಸುವುದು.

ಇನ್ನು ಪರೀಕ್ಷೆಯ ಕ್ರಮ. ತಮ್ಮ ಸಂಪರ್ಕ ಬರುವುದು ಈ ತಂತಿಯಲ್ಲಿಯೋ ಫೈಬರ್‌ನಲ್ಲಿಯೋ ಎಂದು ಕೇಬಲ್ಲಿನವರನ್ನು ಮೊದಲು ಕೇಳಿರಿ. ಈ ತಂತಿಯೇ ಆದರೆ, ಬೀದಿಯ ತಂತಿ ಮನೆಯೊಳಕ್ಕೆ ಬರುವ ಜಾಗಕ್ಕೆ ಮೋಡೆಮನ್ನು ಒಯ್ದು ನೇರವಾಗಿ ಜೋಡಿಸಿ ನೋಡಿರಿ. ಅಲ್ಲಿಯೂ ತೊಂದರೆಯಿದ್ದರೆ ಅದನ್ನು ಸರಿಪಡಿಸುವ ಹೊಣೆ ಕೇಬಲ್ಲಿನವರದು. ಅಲ್ಲಿ ಸರಿಯಿದ್ದರೆ ದೋಷ ಮನೆಯೊಳಗಿದೆ. ಆಗ ಒಂದೊಂದೇ ತುಂಡನ್ನು ಕೂಡಿಸುತ್ತ ಬನ್ನಿರಿ. ಯಾವುದನ್ನು ಕೂಡಿಸಿದಾಗ ಸಂಪರ್ಕ ಕೆಡುವುದೋ ಅದೇ ಅಪರಾಧಿ. ಬೇಡದ ಸ್ಪ್ಲಿಟರ್ ತೆಗೆಯಿರಿ. ಇರಬೇಕಾದರೆ, ಅದರ ಬಳಸದ ಬಾಯಿಗೆ 75 ಓಮ್‌ನ ಟರ್ಮಿನೇಟರ್ ಹಾಕಿರಿ. ಇಲ್ಲದಿದ್ದರೆ ಬಾವಿಯಲ್ಲಿ ಕೂಗಿದಂತೆ ಸಂದೇಶ ಮರುದನಿಗೊಟ್ಟು ತನ್ನನ್ನೇ ಕೆಡಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕನೆಕ್ಟರ್ ಮುಟ್ಟಿದಾಗ ಕೈ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿರಿ. ಎಲ್ಲಿಂದಲೋ ಜಾಲರಿಗೆ ವಿದ್ಯುತ್ತು ಹರಿದಿದೆ ಎಂದರ್ಥ. ಮಕ್ಕಳನ್ನು ದೂರವಿಟ್ಟು, ಬಲ್ಲ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿರಿ. ಗುಡುಗು ಸಿಡಿಲಿನ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಕೈಹಾಕಲೇಬಾರದು.

ಎರಡು ಕನೆಕ್ಟರ್ ಬದಲಿಸಿದರೆ ಸರಿಹೋಗುವುದಕ್ಕೆ ನಾಲ್ಕು ಕೋಣೆಯ ಫರಸಿ ಕೀಳಿಸುವುದು ಜಾಣತನವಲ್ಲ. ಮೊದಲು ಸಂಧಿಯನ್ನು ಬಿಡಿಸಿ ನೋಡಿರಿ.