ಹಿತ್ತಲಿನ ಹೆಸರಿಲ್ಲದ ಗುಲಾಬಿ

(ವಿದುರಾಶ್ವತ್ಥದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉತ್ತರ ಪಿನಾಕಿನಿಯ ದಂಡೆಯ ಈ ಕ್ಷೇತ್ರದಲ್ಲಿ ಒಂದು ಮರವನ್ನು ಗುರುತಿಸಲು ಯಾರೂ ಸಸ್ಯಶಾಸ್ತ್ರವನ್ನು ಓದಬೇಕಾಗಿರಲಿಲ್ಲ. ವಿದುರನು ನೆಟ್ಟ ಅಶ್ವತ್ಥವೆಂಬ ಐತಿಹ್ಯವೇ ಅದರ ಗುರುತಾಗಿತ್ತು. 2001ರಲ್ಲಿ ಆ ಹಳೆಯ ಮರ ಉರುಳಿತು. ಐತಿಹ್ಯ ಉಳಿದುದರಿಂದ ಹೆಸರೂ ಉಳಿಯಿತು. ಇದೇ ಸೀಮೆಯ ಹಳೆಯ ಮನೆಗಳ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನಿಂತಿರುವ ಗುಲಾಬಿಯ ಪೊದೆಗೆ ಆ ಅದೃಷ್ಟವಿಲ್ಲ. ನೆಟ್ಟವರು ತೀರಿಕೊಂಡಿರುತ್ತಾರೆ. ಕೇಳಿದರೆ "ಅಜ್ಜಿ ಕಾಲದ್ದು" ಎನ್ನುತ್ತಾರೆ. ತೆಲುಗು ಬೆರೆತ ಮಾತಿನಲ್ಲಿ "ನಾಟು ರೋಜಾ" ಎನ್ನುವವರೂ ಉಂಟು. ಮನೆಯನ್ನು ಕೆಡವಿ ಹೊಸದು ಕಟ್ಟುವ ದಿನ ಅಂಥ ಪೊದೆ ಅರ್ಧ ಗಂಟೆಯಲ್ಲಿ ಬುಡಸಮೇತ ಮಾಯವಾಗುತ್ತದೆ. ಹೆಸರಿಲ್ಲದ್ದನ್ನು ಕೀಳಲು ಯಾರ ಕೈಯೂ ಅಳುಕುವುದಿಲ್ಲ.

"ನಾಟು" ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ದಕ್ಷಿಣ ಭಾರತದ ಸ್ವಂತ ಕಾಡುಗುಲಾಬಿ ಇದೆ. ಫ್ರೆಂಚ್ ಸಸ್ಯಸಂಗ್ರಾಹಕ ಲೆಶೆನೋನ ಹೆಸರಿನಿಂದ ಅದನ್ನು ರೋಸಾ ಲೆಶೆನೋಲ್ಟಿಯಾನಾ ಎಂದು ಕರೆಯುತ್ತಾರೆ. ಬಿಳಿ ಹೂವಿನ, ಹಬ್ಬುವ ಆ ಗಿಡದ ನೆಲೆ ನೀಲಗಿರಿ, ಪಳನಿಗಳಂಥ ಎತ್ತರದ ತಂಪು ಬೆಟ್ಟಗಳು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಬಿಸಿಲಿಗೆ ಅದು ಸೇರಿದ್ದಲ್ಲ. ಆದುದರಿಂದ ಇಲ್ಲಿನ ಹಿತ್ತಲಿನ ಪ್ರತಿಯೊಂದು ಹಳೆಯ ಗುಲಾಬಿಯೂ ಯಾರದೋ ಕೈಯಲ್ಲಿ ಕಡ್ಡಿಯಾಗಿಯೋ ಕಸಿಗಿಡವಾಗಿಯೋ ಬಂದದ್ದು. ಗುರುತಿಸುವುದೆಂದರೆ ಆ ಪಯಣವನ್ನು ಹಿಂದಕ್ಕೆ ಹುಡುಕುವುದು.

ಹೂವನ್ನು ನೋಡಿ ಹೆಸರು ಹೇಳುವ ಆತುರ ಬಹುತೇಕ ಎಲ್ಲರಿಗೂ ಇರುತ್ತದೆ. ಆದರೆ ಹೂವು ದುರ್ಬಲ ಸಾಕ್ಷಿ. ಏಪ್ರಿಲ್‌ನ ಬಿಸಿಲಿಗೆ ಬಣ್ಣ ತೆಳುವಾಗುತ್ತದೆ, ಚಳಿಗಾಲದಲ್ಲಿ ಗಾಢವಾಗುತ್ತದೆ; ಗೊಬ್ಬರ ಕಂಡ ವರ್ಷ ದಳಗಳು ಹೆಚ್ಚುತ್ತವೆ. ಬುಡದಿಂದ ಆರಂಭಿಸುವುದು ಲೇಸು. ಮಣ್ಣನ್ನು ನಾಲ್ಕು ಬೆರಳಷ್ಟು ಸರಿಸಿ ನೋಡಿದರೆ ಕಸಿಯ ಗಂಟು ಇದೆಯೋ ಇಲ್ಲವೋ ತಿಳಿಯುತ್ತದೆ. ನರ್ಸರಿಯ ಗುಲಾಬಿಯಲ್ಲಿ ಎರಡು ಗಿಡಗಳಿರುತ್ತವೆ: ಕೆಳಗೆ ಗಟ್ಟಿ ಬೇರಿನ ಒಂದು, ಮೇಲೆ ಕಣ್ಣು ಕಸಿ ಮಾಡಿದ ಹೂವಿನ ತಳಿ ಇನ್ನೊಂದು. ಕೊಂಬೆ ತುದಿಯಿಂದ ಒಣಗುತ್ತ ಬರುವ ರೋಗಕ್ಕೋ ನೀರಿನ ಅಭಾವಕ್ಕೋ ಮೇಲಿನದು ಸತ್ತರೆ ಗಂಟಿನ ಕೆಳಗಿನಿಂದ ಬೇರುಗಿಡ ಚಿಗುರಿ ಹಿತ್ತಲನ್ನು ಆಕ್ರಮಿಸುತ್ತದೆ. ಮನೆಯವರು ಹೂವಿನ ಬಣ್ಣ "ಬದಲಾಯಿತು" ಎಂದು ಅಚ್ಚರಿಪಡುತ್ತಾರೆ. ಬದಲಾದದ್ದು ಗಿಡವೇ. ಹಳೆಯ ಅನಾಮಿಕ ಪೊದೆಗಳಲ್ಲಿ ಎಷ್ಟೋ ಇಂಥ ಬೇರುಗಿಡಗಳು. ಸೇವೆಗೆ ಬಂದು ಯಜಮಾನನಿಗಿಂತ ಹೆಚ್ಚು ಕಾಲ ಬದುಕಿದವು.

ಬಳಿಕ ಎಲೆಯ ಬುಡ. ತೊಟ್ಟು ಕಾಂಡವನ್ನು ಸೇರುವಲ್ಲಿ ಇಬ್ಬದಿಗೂ ಸಣ್ಣ ರೆಕ್ಕೆಯಂತಹ ಭಾಗ ಅಂಟಿಕೊಂಡಿರುತ್ತದೆ. ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದರೆ ಪೂರ್ವ ಏಷ್ಯಾದ ರೋಸಾ ಮಲ್ಟಿಫ್ಲೋರಾದ ಸಂಬಂಧವನ್ನು ಶಂಕಿಸಬೇಕು. ಅದೂ ಪ್ರಸಿದ್ಧ ಬೇರುಗಿಡವೇ. ಕಿರುಎಲೆಗಳು ಮೂರೋ ಐದೋ ಇದ್ದು ನಯವಾಗಿ ಹೊಳೆದರೆ ಚೀನಾ ಗುಲಾಬಿಯ ರಕ್ತ. ಐದೋ ಏಳೋ ಇದ್ದು ಬೂದುಹಸಿರಾಗಿ, ಅಡಿಯಲ್ಲಿ ಮೃದುವಾದ ರೋಮವಿದ್ದರೆ ಡಮಾಸ್ಕ್ ಗುಲಾಬಿಯ ರಕ್ತ. ಮುಳ್ಳನ್ನೂ ನೋಡಬೇಕು. ಚೀನಾದ್ದರಲ್ಲಿ ಮುಳ್ಳು ವಿರಳ, ಕೊಕ್ಕೆಯಂತೆ ಬಾಗಿರುತ್ತದೆ. ಡಮಾಸ್ಕಿನಲ್ಲಿ ದೊಡ್ಡದು, ಚಿಕ್ಕದು, ಬಿರುಗೂದಲಿನಂಥದು ಎಲ್ಲವೂ ಒತ್ತೊತ್ತಾಗಿರುತ್ತವೆ.

ಮೊಗ್ಗನ್ನು ಅಪ್ಪಿಕೊಂಡಿರುವ ಐದು ಹಸಿರು ಪುಷ್ಪಪತ್ರಗಳು ಮಕ್ಕಳಿಗೆ ಹಿಡಿಸುವ ಪಾಠ. ಯೂರೋಪಿನಲ್ಲಿ ಶತಮಾನಗಳಷ್ಟು ಹಳೆಯ ಒಗಟೊಂದಿದೆ: ಐವರು ಅಣ್ಣತಮ್ಮಂದಿರಲ್ಲಿ ಇಬ್ಬರಿಗೆ ಗಡ್ಡವುಂಟು, ಇಬ್ಬರಿಗಿಲ್ಲ, ಉಳಿದವನಿಗೆ ಅರ್ಧವೇ. ವಿದುರನ ಊರಿನಲ್ಲಿ ಐವರು ಸೋದರರೆಂದರೆ ಬೇರೆ ವಿವರಣೆ ಬೇಕಿಲ್ಲ. ಡಮಾಸ್ಕಿನಲ್ಲಿ ಈ ಗಡ್ಡ, ಎಂದರೆ ಪುಷ್ಪಪತ್ರದ ಅಂಚಿನ ಗರಿಸೀಳು, ಎದ್ದು ಕಾಣುತ್ತದೆ. ಚೀನಾ ಗುಲಾಬಿಯಲ್ಲಿ ಐವರೂ ಬಹುಮಟ್ಟಿಗೆ ನುಣ್ಣನೆಯ ಮುಖದವರು.

ಎರಡೂ ಕಡೆಯ ಲಕ್ಷಣಗಳು ಒಂದೇ ಪೊದೆಯಲ್ಲಿ ಬೆರೆತಿದ್ದರೆ? ದಕ್ಷಿಣದ ಹಿತ್ತಲಿನಲ್ಲಿ ಇದೇ ಕುತೂಹಲದ ಪ್ರಸಂಗ. ಗುಲಾಬಿವರ್ಣದ, ಪರಿಮಳ ತುಂಬಿದ, ವರ್ಷದ ಬಹುಕಾಲ ಬಿಡುವ ಹೂವನ್ನು ಮಾರುಕಟ್ಟೆಯಲ್ಲಿ ಪನ್ನೀರು ಗುಲಾಬಿ ಎನ್ನುತ್ತಾರೆ, ನರ್ಸರಿಯಲ್ಲಿ ಎಡ್ವರ್ಡ್ ಎನ್ನುತ್ತಾರೆ. ಬಿಡಿಹೂವಾಗಿ ಹಾರಕ್ಕೂ ಬೇರುಗಿಡವಾಗಿ ಕಸಿಗೂ ಬಳಕೆಯಾದದ್ದು ಇದು. ಎಡ್ವರ್ಡ್ ಎಂದೊಡನೆ ಇಂಗ್ಲೆಂಡಿನ ದೊರೆ ನೆನಪಾಗುವುದು ಸಹಜ. ತಜ್ಞರು ಗುರುತಿಸುವಂತೆ ಇದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ "ರೋಸ್ ಎದುವಾರ್". ಆ ದ್ವೀಪದ ಹಳೆಯ ಹೆಸರು ಬೂರ್ಬೋನ್. ಅಲ್ಲಿ ಹೊಲದ ಬೇಲಿಗೆ ಡಮಾಸ್ಕ್ ಮತ್ತು ಚೀನಾ ಗುಲಾಬಿಗಳನ್ನು ಜೊತೆಯಾಗಿ ನೆಡುತ್ತಿದ್ದರು. ಎರಡೂ ತಾವಾಗಿ ಸಂಕರಗೊಂಡು ಹುಟ್ಟಿದ ಸಸಿಯನ್ನು 1817ರ ಸುಮಾರಿಗೆ ಸಸ್ಯತಜ್ಞ ಬ್ರೆಯೋನ್ ಗಮನಿಸಿ, ಬೀಜವನ್ನು ಫ್ರಾನ್ಸಿಗೆ ಕಳುಹಿಸಿದನು. ಬೂರ್ಬೋನ್ ಗುಲಾಬಿಗಳೆಂಬ ಕುಲವೇ ಅದರಿಂದ ಬೆಳೆಯಿತು. ಫ್ರೆಂಚ್ ಎದುವಾರ್ ನಮ್ಮ ನರ್ಸರಿಯಲ್ಲಿ ಎಡ್ವರ್ಡ್ ಆಗಿದೆ.

ಹೀಗಾಗಿ ಪನ್ನೀರು ಎಂಬ ಹೆಸರೊಂದನ್ನೇ ನಂಬಿ ಡಮಾಸ್ಕ್ ಎಂದು ಬರೆದುಕೊಳ್ಳಬಾರದು. ಅಪ್ಪಟ ಡಮಾಸ್ಕ್ ಉತ್ತರ ಭಾರತದಲ್ಲಿ ಚಳಿ ಮುಗಿದ ಮೇಲೆ ಕೆಲವು ವಾರಗಳು ಮಾತ್ರ ಹೂ ಸುರಿಸುತ್ತದೆ. ಅಲ್ಲಿ ಅತ್ತರು ತೆಗೆಯುವವರು ಎರಡನ್ನೂ ಬೇರೆಬೇರೆಯಾಗಿಯೇ ಎಣಿಸುತ್ತಾರೆ. ಸದಾ ಹೂ ಬಿಡುವ ಗುಣ ಚೀನಾದ ಕೊಡುಗೆ: ಹೂವಿಗೆ ತಡೆಯೊಡ್ಡುವ ಜೀನೊಂದರೊಳಗೆ ಡಿಎನ್‌ಎ ತುಣುಕೊಂದು ನುಗ್ಗಿ ಆ ತಡೆಯನ್ನು ಕೆಡಿಸಿದೆ ಎಂಬುದು 2012ರಲ್ಲಿ ಪ್ರಕಟವಾಯಿತು. ಈ ಕಾರಣಕ್ಕೆ ಮನೆಯ ಹಿರಿಯರ ನೆನಪು ಪ್ರಯೋಗಾಲಯದಷ್ಟೇ ಬೆಲೆಯುಳ್ಳದ್ದು. "ಅಜ್ಜಿ, ಇದು ಗೌರಿ ಹಬ್ಬಕ್ಕೂ ಹೂ ಕೊಡುತ್ತಿತ್ತೆ, ಬೇಸಗೆಗೆ ಮಾತ್ರವೆ? ತವರಿನಿಂದ ತಂದದ್ದೆ, ಸಂತೆಯಿಂದ ತಂದದ್ದೆ? ಮೊದಲೂ ಇದೇ ಬಣ್ಣವಿತ್ತೆ?" ಎಂದು ಕೇಳುವ ವಿದ್ಯಾರ್ಥಿಗೆ ಅರ್ಧ ಉತ್ತರ ದೊರೆತಂತೆ. ಆದರೆ ಗಿಡವನ್ನು ನೋಡಿ ಬರೆದಿಟ್ಟ ಮೇಲೆ ಕೇಳುವುದು ಕ್ಷೇಮ. ಮೊದಲೇ ಕೇಳಿದರೆ ಕಣ್ಣು ಕಥೆಯನ್ನೇ ಕಾಣುತ್ತದೆ.

ಇಷ್ಟು ಶ್ರಮವೇಕೆ ಎಂದು ಕೇಳುವವರಿದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲದ ಅತಿಬಳಕೆಗೆ ಹೆಸರಾದ ತಾಲ್ಲೂಕುಗಳಿವು. ಬೆಂಗಳೂರಿನ ಸಂಸ್ಕರಿತ ಕೊಳಚೆನೀರನ್ನು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಹರಿಸಬೇಕಾಯಿತು. ಇಲ್ಲಿಯೇ ಪಾಲಿಹೌಸಿನ ಗುಲಾಬಿ ಹನಿ ನೀರಾವರಿ, ಔಷಧಿ ಸಿಂಪಡಣೆಗಳ ಮೇಲೆ ನಿಂತಿದೆ. ಬಚ್ಚಲ ನೀರು ಕುಡಿದ ಪೊದೆಯನ್ನು ಒಮ್ಮೆಲೇ ಬರನಿರೋಧಕವೆಂದು ಹೊಗಳುವುದು ಅವಸರದ ಮಾತು. ಆದರೂ ಔಷಧಿಯಿಲ್ಲದೆ ತಲೆಮಾರುಗಳನ್ನು ಕಂಡ ಗಿಡ ಪರೀಕ್ಷೆಗೆ ಅರ್ಹ. ಅದನ್ನು ಕಿತ್ತ ಮೇಲೆ ಪರೀಕ್ಷೆಗೆ ಏನೂ ಉಳಿಯದು.

ಕಡ್ಡಿಯಿಂದ ಕಡ್ಡಿಗೆ ಗುಲಾಬಿ ಎಷ್ಟು ಕಾಲ ಬದಲಾಗದೆ ಸಾಗಬಲ್ಲದೆಂಬುದಕ್ಕೆ ಸಾಕ್ಷಿಯಿದೆ. 2000ದಲ್ಲಿ ಜಪಾನಿನ ಸಂಶೋಧಕರು ಬೇರೆಬೇರೆ ಹೆಸರಿನ ನಾಲ್ಕು ಪ್ರಾಚೀನ ಡಮಾಸ್ಕ್ ತಳಿಗಳ ಡಿಎನ್‌ಎ ಪರೀಕ್ಷಿಸಿ ಅವು ಒಂದೇ ಎಂದು ಕಂಡರು. ಕಡ್ಡಿ ನೆಡುತ್ತ ಬಂದ ಕೈಗಳೇ ಅದನ್ನು ಕಾಪಾಡಿದ್ದವು.

ಆದುದರಿಂದ ಹೆಸರು ದೊರೆಯುವವರೆಗೆ ಕಾಯದೆ ಕಡ್ಡಿ ನೆಡುವುದು ಮೊದಲ ಕೆಲಸ. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ, ಬಲಿತ ಕಡ್ಡಿಗಳನ್ನು ತೆಗೆದು, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಡಬೇಕು. ಕಸಿಗಂಟು ಕಂಡಿದ್ದರೆ ಅದರ ಮೇಲಿನ ಮತ್ತು ಕೆಳಗಿನ ಕಡ್ಡಿಗಳನ್ನು ಬೆರೆಸಕೂಡದು. ಬೇರು ಬಂದವುಗಳನ್ನು ಕನಿಷ್ಠ ಮೂರು ಮನೆಗಳಿಗೆ ಹಂಚಬೇಕು. ಎಲೆ, ಮೊಗ್ಗು, ಕಾಯಿ ಇರುವ ಒಂದು ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು ಊರು, ದಿನಾಂಕ ಬರೆಯಬೇಕು.

ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದ ಗುಲಾಬಿಪ್ರಿಯರು ಹೆಸರು ಕಳೆದುಕೊಂಡ ತಮ್ಮ ಹಳೆಯ ಗುಲಾಬಿಗಳನ್ನು "ನಿಗೂಢ ಗುಲಾಬಿ"ಗಳೆಂದು ಕರೆದು, ದೊರೆತ ಊರಿನ ಅಥವಾ ಮನೆಯವರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುತ್ತಾರೆ. ಗುರುತು ಖಚಿತವಾದ ದಿನ ನಿಜನಾಮವನ್ನು ಬರೆದರಾಯಿತು. ಇಲ್ಲಿಯೂ ಕುಂಡದ ಚೀಟಿಯ ಮೇಲೆ ಸದ್ಯಕ್ಕೆ 'ವಿದುರಾಶ್ವತ್ಥ, ಹಿತ್ತಲು 1' ಎಂದಿದ್ದರೆ ಸಾಕು.