ಬಚ್ಚಲಿಗೆ ಬಿಸಿನೀರು: ಗ್ಯಾಸೋ, ಹೀಟ್ ಪಂಪೋ?

ಚಳಿ ದೇಶಗಳಲ್ಲಿ ಈಗ ಒಂದು ಚರ್ಚೆ ಬಲವಾಗಿ ನಡೆದಿದೆ. ಅಲ್ಲಿಯ ಮನೆಗಳಲ್ಲಿ ಚಳಿಗಾಲವೆಲ್ಲ ಕೋಣೆಗಳನ್ನು ಬೆಚ್ಚಗಿಡುವುದಕ್ಕೆ ನೆಲಮಾಳಿಗೆಯಲ್ಲಿ ಗ್ಯಾಸಿನ ಕುಲುಮೆಯನ್ನು ಉರಿಸುತ್ತಾರೆ. ಆ ಕುಲುಮೆ ಹಳೆಯದಾದಾಗ ಅದರ ಜಾಗದಲ್ಲಿ ಮತ್ತೊಂದು ಕುಲುಮೆಯನ್ನೇ ಇಡಬೇಕೋ, ಅಥವಾ 'ಹೀಟ್ ಪಂಪ್' ಎಂಬ ವಿದ್ಯುತ್ ಯಂತ್ರವನ್ನು ತರಬೇಕೋ ಎಂಬುದೇ ಆ ಚರ್ಚೆ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಮನೆಯನ್ನು ಬೆಚ್ಚಗಿಡಲು ಯಾರೂ ಬೆಂಕಿ ಹಾಕುವುದಿಲ್ಲ. ಸೂರ್ಯನೇ ಬೇಡವೆಂದರೂ ಆ ಕೆಲಸವನ್ನು ಮಾಡಿಕೊಡುತ್ತಾನೆ. ಆದರೆ ಬಚ್ಚಲ ನೀರಿನ ಮಾತು ಬೇರೆ. ಮಾರ್ಗಶಿರ, ಪುಷ್ಯಗಳ ಬೆಳಗಿನಲ್ಲಿ ಮನೆಯ ಹಿರಿಯರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಬಾಣಂತಿಗೆ, ಎಣ್ಣೆನೀರಿನ ದಿನ ಎಲ್ಲರಿಗೂ ಬಿಸಿನೀರು ಬೇಕೇ ಬೇಕು. ಆದುದರಿಂದ ಅದೇ ಪ್ರಶ್ನೆ ನಮ್ಮಲ್ಲಿ ಕುಲುಮೆಯನ್ನು ಬಿಟ್ಟು ಬಚ್ಚಲಿಗೆ ಬಂದಿದೆ: ಗೋಡೆಯ ಮೇಲಿನ ಗ್ಯಾಸ್ ಗೀಸರನ್ನು ತೆಗೆದು ಹೀಟ್ ಪಂಪನ್ನು ಹಾಕಿಸಬಹುದೆ? ಹಾಕಿಸಿದರೆ ಲಾಭವೆ, ನಷ್ಟವೆ? ಇದನ್ನು ನಾವು ಸ್ವಲ್ಪ ಲೆಕ್ಕಮಾಡಿ ನೋಡೋಣ.

ಮೊದಲು ನಮ್ಮಲ್ಲಿ ಏನಿತ್ತು ಎಂಬುದನ್ನು ನೆನೆಯಬೇಕು. ಬಚ್ಚಲ ಮೂಲೆಯ ಗೂಡೊಲೆಯ ಮೇಲೆ ಕೂತ ತಾಮ್ರದ ಹಂಡೆ ನಮ್ಮ ಹಿಂದಿನವರ ಗೀಸರು. ಜಾಲಿಯ ಸೌದೆ, ತೆಂಗಿನ ಗರಿ, ಮಟ್ಟೆ, ಪಾವಗಡದ ಕಡೆ ಕಡಲೆಕಾಯಿ ಸಿಪ್ಪೆ, ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ ಆಹಾರ. ಖರ್ಚು ಕಡಿಮೆ ಎಂದು ಯಜಮಾನರು ಹೇಳುತ್ತಿದ್ದರು. ಹೊಗೆಯನ್ನು ಕುಡಿದವಳು ಮನೆಯಾಕೆ. ತೆರೆದ ಒಲೆಯಲ್ಲಿ ಹುಟ್ಟಿದ ಶಾಖದಲ್ಲಿ ಬಹುಪಾಲು ಪಾತ್ರೆಗೆ ಮುಟ್ಟದೆ ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಮೊದಲಾದವರು ಕಟ್ಟಿದ 'ಅಸ್ತ್ರ' ಕೇಂದ್ರವು ನಮ್ಮ ತುಮಕೂರು ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸಮಾಡಿ, ಹಳ್ಳಿಯ ಮನೆಗಳ ಉರುವಲಿನ ಪ್ರಶ್ನೆಯನ್ನು ಕಣ್ಣಾರೆ ಅಳೆದು ನೋಡಿತು. ಬೆಂಕಿಯನ್ನು ಮುಚ್ಚಿ, ಹೊಗೆಗೆ ಕೊಳವೆ ಕೊಟ್ಟು, ಸೌದೆಯನ್ನು ಉಳಿಸುವ ಅಸ್ತ್ರ ಒಲೆ ಆ ಕೇಂದ್ರದ ಕೊಡುಗೆ. ಹಂಡೆಯನ್ನು ಬಿಟ್ಟು ಗೀಸರಿಗೆ ಬಂದ ಪೇಟೆಯ ಮನೆಗಳೂ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು: ನಾವು ಕೊಂಡ ಶಾಖದಲ್ಲಿ ನೀರಿಗೆ ಸೇರುವುದೆಷ್ಟು?

ಈಗ ಹೀಟ್ ಪಂಪ್ ಎಂದರೇನು? ಹೆಸರು ಹೊಸದಾಗಿ ಕೇಳಿಸಿದರೂ ವಸ್ತು ನಿಮ್ಮ ಅಡಿಗೆಮನೆಯಲ್ಲೇ ಇದೆ. ಫ್ರಿಜ್ಜಿನ ಹಿಂಬದಿಯನ್ನೋ ಪಕ್ಕವನ್ನೋ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು, ತರಕಾರಿಗಳ ಶಾಖವನ್ನು ಅದು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಹೀಟ್ ಪಂಪು ಹೊರಗಿನ ಗಾಳಿಯ ಶಾಖವನ್ನು ಹಾಗೆಯೇ ಹೊತ್ತು ತಂದು ತೊಟ್ಟಿಯ ನೀರಿಗೆ ಸೇರಿಸುತ್ತದೆ. ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಇದ್ದ ನೀರನ್ನು ಮೇಲಕ್ಕೆತ್ತುತ್ತದೆ; ಇದೂ ಹಾಗೆಯೇ. ಎತ್ತುವ ಕೂಲಿಯನ್ನಷ್ಟೇ ವಿದ್ಯುತ್ತಿನಲ್ಲಿ ಕೊಟ್ಟರಾಯಿತು. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ದೊರೆಯುತ್ತದೆ.

ಇದು ನಿನ್ನೆಯ ಕಲ್ಪನೆಯೇನೂ ಅಲ್ಲ. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದ ವಿಲಿಯಂ ಥಾಮ್ಸನ್ನರು ೧೮೫೨ರಲ್ಲೇ ಇದರ ತತ್ತ್ವವನ್ನು ವಿವರಿಸಿದ್ದರು. ಆಸ್ಟ್ರಿಯದ ಉಪ್ಪಿನ ಕಾರ್ಖಾನೆಯೊಂದಕ್ಕೆ ರಿಟ್ಟಿಂಗರ್ ಎಂಬ ಎಂಜಿನಿಯರು ೧೮೫೦ರ ದಶಕದಲ್ಲಿ ಇಂಥ ಯಂತ್ರವನ್ನು ಹೂಡಿದರು. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ೧೯೩೮ರಲ್ಲಿ ಪಕ್ಕದ ಹೊಳೆಯ ತಣ್ಣೀರಿನಿಂದ ಶಾಖವನ್ನೆತ್ತಿ ಬೆಚ್ಚಗೆ ಮಾಡಿದರು. ಹೊರಗಿನ ಗಾಳಿ ತಣ್ಣಗಾದಷ್ಟೂ ಈ ಯಂತ್ರಕ್ಕೆ ಕೆಲಸ ಕಷ್ಟ. ಹಿಮ ಬೀಳುವ ನಾಡಿನವರ ಅಳುಕು ಅದೇ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಿಮದ ಮಾತೇ ಇಲ್ಲವಾದುದರಿಂದ ಆ ಅಳುಕು ನಮಗೆ ಬೇಡ. ನಮಗೆ ಬೇಕಾದದ್ದು ಲೆಕ್ಕ.

ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ ೧೦೦ ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳಿ. ೨೫ ಡಿಗ್ರಿಯ ನೀರನ್ನು ೪೫ ಡಿಗ್ರಿಗೆ ಕಾಯಿಸಬೇಕು. ಇದಕ್ಕೆ ೨,೦೦೦ ಕಿಲೊಕ್ಯಾಲೊರಿ ಶಾಖ ಬೇಕು. ಗ್ಯಾಸ್ ಗೀಸರಿನಲ್ಲಿ ಶಾಖದ ಐದನೆಯ ಒಂದು ಪಾಲು ಪೋಲಾಗುತ್ತದೆಂದು ಹಿಡಿದರೆ ದಿನಕ್ಕೆ ಸುಮಾರು ೨೩೦ ಗ್ರಾಂ ಗ್ಯಾಸು ಖರ್ಚು. ೧೪.೨ ಕಿಲೋ ಸಿಲಿಂಡರು ಎರಡು ತಿಂಗಳು ಬರುತ್ತದೆ. ಕರೆಂಟಿನ ಮಾಮೂಲು ಗೀಸರಿಗೆ ಇದೇ ನೀರಿಗೆ ದಿನಕ್ಕೆ ಎರಡೂವರೆ ಯೂನಿಟ್ಟು, ತಿಂಗಳಿಗೆ ೭೫ ಯೂನಿಟ್ಟು. ಹೀಟ್ ಪಂಪಿಗೆ, ತೊಟ್ಟಿಯಲ್ಲಿ ಆರಿಹೋಗುವ ಶಾಖವನ್ನೂ ಸೇರಿಸಿ, ದಿನಕ್ಕೆ ಮುಕ್ಕಾಲಿನಿಂದ ಒಂದು ಯೂನಿಟ್ಟು. ತಿಂಗಳಿಗೆ ಸುಮಾರು ೨೭ ಯೂನಿಟ್ಟು.

ದರಗಳು ಏರಿಳಿಯುತ್ತವೆ. ಲೆಕ್ಕಕ್ಕೆಂದು ಮಾತ್ರ ಸಿಲಿಂಡರಿಗೆ ೯೦೦ ರೂಪಾಯಿ, ಯೂನಿಟ್ಟಿಗೆ ೭ ರೂಪಾಯಿ ಎಂದು ಇಟ್ಟುಕೊಳ್ಳೋಣ. ನೀವು ನಿಮ್ಮ ಮನೆಯ ರಸೀತಿಯನ್ನು ನೋಡಿ ತಿದ್ದಿಕೊಳ್ಳಿ. ಆಗ ತಿಂಗಳ ಖರ್ಚು ಗ್ಯಾಸಿಗೆ ೪೩೦ ರೂಪಾಯಿ, ಮಾಮೂಲು ಗೀಸರಿಗೆ ೫೨೫, ಹೀಟ್ ಪಂಪಿಗೆ ೧೯೦. ಗ್ಯಾಸನ್ನು ಬಿಟ್ಟರೆ ತಿಂಗಳಿಗೆ ೨೪೦ ರೂಪಾಯಿ, ವರ್ಷಕ್ಕೆ ೨,೯೦೦ ರೂಪಾಯಿಯಷ್ಟು ಉಳಿತಾಯ. ಇಷ್ಟು ಕೇಳಿದೊಡನೆ ಅಂಗಡಿಗೆ ಹೊರಡಬೇಡಿ. ಯಂತ್ರದ ಬೆಲೆ ೭೦,೦೦೦ ರೂಪಾಯಿ ಎಂದಾದರೆ ಆ ಹಣ ಹಿಂದಕ್ಕೆ ಬರಲು ೨೪ ವರ್ಷ ಬೇಕು! ಯಂತ್ರವೇ ಅಷ್ಟು ವರ್ಷ ಬಾಳುವುದಿಲ್ಲ. ಹಾಗಾಗಿ ನಾಲ್ಕು ಜನರ ಸಂಸಾರಕ್ಕೆ, ಬರಿಯ ಹಣದ ದೃಷ್ಟಿಯಿಂದ, ಹೀಟ್ ಪಂಪು ಹಾಸಿಗೆಯನ್ನು ಮೀರಿ ಕಾಲು ಚಾಚಿದಂತೆ.

ಇಲ್ಲಿ ಗೃಹಜ್ಯೋತಿಯ ಮಾತನ್ನೂ ಆಡಬೇಕು. ೨೦೨೩ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಆರಂಭವಾದ ಈ ಯೋಜನೆಯಲ್ಲಿ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, ೨೦೦ ಯೂನಿಟ್ಟಿಗೆ ಮೀರದಂತೆ ಉಚಿತ ಎಂದು ಗೊತ್ತುಮಾಡಿದರು. ಹೆಚ್ಚಾದಷ್ಟಕ್ಕೆ ಹಣ, ೨೦೦ನ್ನು ದಾಟಿದರೆ ಪೂರಾ ಬಿಲ್ಲು. ತಿಂಗಳಿಗೆ ೧೫೦ ಯೂನಿಟ್ಟು ಸುಡುವ ಮನೆಗೆ ಮಾಮೂಲು ಗೀಸರಿನ ೭೫ ಸೇರಿದರೆ ೨೨೫ ಆಯಿತು, ಗೆರೆ ದಾಟಿತು. ಹೀಟ್ ಪಂಪಿನ ೨೭ ಸೇರಿದರೆ ೧೭೭, ಗೆರೆಯೊಳಗೇ ಉಳಿಯಿತು. ಆದ್ದರಿಂದ 'ಕರೆಂಟು ಹೇಗೂ ಉಚಿತ' ಎಂದು ಕಣ್ಣುಮುಚ್ಚಿ ದೊಡ್ಡ ಗೀಸರನ್ನು ತರುವವರು ಮೊದಲು ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳುವುದು ಮೇಲು.

ಹಾಗಾದರೆ ಹೀಟ್ ಪಂಪು ಯಾರಿಗೆ? ನೀರು ಹೆಚ್ಚು ಬೇಕಾದವರಿಗೆ. ಶಿರಾದ ಹೆದ್ದಾರಿಯ ಬದಿಯಲ್ಲಿ ವಸತಿಗೃಹವನ್ನು ನಡೆಸುವವರು, ಗೊರವನಹಳ್ಳಿಯ ಲಕ್ಷ್ಮಿಯ ದರ್ಶನಕ್ಕೆ ಬಂದವರನ್ನು ಇಳಿಸಿಕೊಳ್ಳುವ ಛತ್ರದವರು, ಮಧುಗಿರಿಯಲ್ಲಿ ವಿದ್ಯಾರ್ಥಿನಿಲಯವನ್ನೋ ನರ್ಸಿಂಗ್ ಹೋಮನ್ನೋ ನಡೆಸುವವರು ಇದನ್ನು ಗಮನವಿಟ್ಟು ಓದಬೇಕು. ದಿನಕ್ಕೆ ೧,೦೦೦ ಲೀಟರ್ ಕಾಯಿಸುವವರಿಗೆ ತಿಂಗಳಿಗೆ ೬೮ ಕಿಲೋ ಗ್ಯಾಸು ಬೇಕು. ವ್ಯಾಪಾರದ ೧೯ ಕಿಲೋ ಸಿಲಿಂಡರಿಗೆ ೧,೮೦೦ ರೂಪಾಯಿ ಎಂದು ಹಿಡಿದರೆ ೬,೪೦೦ ರೂಪಾಯಿ. ಹೀಟ್ ಪಂಪಿಗೆ ೨೭೦ ಯೂನಿಟ್ಟು. ಯೂನಿಟ್ಟಿಗೆ ೧೦ ರೂಪಾಯಿಯಾದರೂ ೨,೭೦೦. ತಿಂಗಳಿಗೆ ೩,೭೦೦ ರೂಪಾಯಿ ಉಳಿಯಿತು. ಯಂತ್ರಕ್ಕೆ ಎರಡು ಲಕ್ಷವಾದರೂ ನಾಲ್ಕೂವರೆ ವರ್ಷದಲ್ಲಿ ಹಣ ಹಿಂದಕ್ಕೆ ಬಂತು. ಒಂದೇ ಯಂತ್ರ, ಒಂದು ಮನೆಗೆ ಹೊರೆ, ಇನ್ನೊಂದಕ್ಕೆ ವರ. ಮಾರುವವರ ಮಾತಿನಲ್ಲಿ ಈ ಭೇದ ಕಾಣಿಸುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಕಾಣಿಸಬೇಕು.

ಸ್ವಂತ ತಾರಸಿಯುಳ್ಳ ಸಾಮಾನ್ಯ ಸಂಸಾರಕ್ಕೆ ಮೂರನೆಯ ದಾರಿಯೊಂದುಂಟು, ಅದು ತಲೆಯ ಮೇಲೆಯೇ ಇದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಊರುಗಳ ಸುತ್ತ ಸುಮಾರು ೧೩,೦೦೦ ಎಕರೆ ನೆಲದಲ್ಲಿ ಸೌರ ವಿದ್ಯುತ್ತಿನ ಉದ್ಯಾನವೆದ್ದಿದೆ. ೨೦೧೮ರಲ್ಲಿ ಉದ್ಘಾಟನೆಯಾಗಿ ಮುಂದಿನ ವರ್ಷದ ಕೊನೆಗೆ ೨,೦೫೦ ಮೆಗಾವಾಟ್ ಮುಟ್ಟಿದ ಈ ಉದ್ಯಾನಕ್ಕೆ ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಮಳೆ ಕೈಕೊಡುವ ನೆಲದಲ್ಲಿ ಬಿಸಿಲೇ ಬೆಳೆಯಾಯಿತು. ಅಲ್ಲಿಯ ವಿದ್ಯುತ್ತು ಮಹಾಜಾಲಕ್ಕೆ ಸೇರಿ ದೂರದೂರಿಗೆ ಹೋಗುತ್ತದೆ. ಆದರೆ ಅದೇ ಬಿಸಿಲು ನಮ್ಮ ತಾರಸಿಯ ಮೇಲೂ ಬಿದ್ದು ವ್ಯರ್ಥವಾಗುತ್ತಿದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇದಕ್ಕೇ ಹೇಳಿದಂತಿದೆ. ೧೦೦ ಲೀಟರಿನ ಸೋಲಾರ್ ನೀರುಕಾಯಿಸುವ ಸಾಧನಕ್ಕೆ ೨೫,೦೦೦ ರೂಪಾಯಿ ಹಿಡಿದು, ವರ್ಷದಲ್ಲಿ ಹತ್ತು ತಿಂಗಳು ಅದು ಗ್ಯಾಸನ್ನು ಉಳಿಸಿತೆಂದರೆ, ಆರು ವರ್ಷದೊಳಗೆ ಹಣ ಹಿಂದಿರುಗುತ್ತದೆ. ಮೋಡದ ದಿನಗಳಿಗೆ ಚಿಕ್ಕದೊಂದು ಗೀಸರು ಜೊತೆಗಿದ್ದರೆ ಸಾಕು. ಬಾಡಿಗೆ ಮನೆಯವರಿಗೆ ಇದು ಒಗ್ಗದು. ಅವರು ಹೊತ್ತೊಯ್ಯಬಹುದಾದ ಸಾಧನವನ್ನೇ ಇಟ್ಟುಕೊಳ್ಳಬೇಕು.

ಯಾವುದನ್ನೇ ಹಾಕಿಸಿ, ನಮ್ಮ ಕೊಳವೆಬಾವಿಯ ಗಡಸುನೀರನ್ನು ಮರೆಯಬೇಡಿ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆ ಗೀಸರಿನ ಸುರುಳಿಯಲ್ಲೂ, ಸೋಲಾರಿನ ಕೊಳವೆಯಲ್ಲೂ, ಹೀಟ್ ಪಂಪಿನ ತೊಟ್ಟಿಯಲ್ಲೂ ಕಟ್ಟುತ್ತದೆ. ಅದು ಶಾಖಕ್ಕೆ ಅಡ್ಡಗೋಡೆ. ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ತೆಗೆಸಬೇಕು. ದುಬಾರಿ ಯಂತ್ರವನ್ನು ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಇನ್ನೊಂದು ಮಾತು. ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರೂ ಬಲ್ಲ ಸಂಗತಿ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. ಗೀಸರಿನ ನೀರು ಸ್ನಾನಕ್ಕೆ ಮಾತ್ರ. ಕುಡಿಯಲು, ಅಡಿಗೆಗೆ ಶುದ್ಧೀಕರಿಸಿದ ನೀರೇ ಬೇಕು.

ಇಷ್ಟು ಹೊತ್ತು ರೂಪಾಯಿಯ ಲೆಕ್ಕವಾಯಿತು. ಅದಕ್ಕಿಂತ ದೊಡ್ಡ ಲೆಕ್ಕವೊಂದಿದೆ, ಅದು ಜೀವದ್ದು. ಕಿಟಕಿ ಮುಚ್ಚಿ, ಬಾಗಿಲು ಹಾಕಿಕೊಂಡ ಚಿಕ್ಕ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಉರಿದರೆ ಅಲ್ಲಿಯ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ. ಬೆಂಕಿ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಕಾಲಿನಲ್ಲಿ ಬಲವಿಲ್ಲದಂತಾಗುವುದು, ಇವು ಅದರ ಗುರುತು. ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯದೆ ಒಳಗೇ ಕುಸಿದವರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿದೆ. ಯಂತ್ರ ಹೊಸದು, ಕಂಪೆನಿ ದೊಡ್ಡದು ಎಂಬುದು ಇಲ್ಲಿ ರಕ್ಷೆಯಲ್ಲ. ಗಾಳಿಯೇ ರಕ್ಷೆ.

ಗ್ಯಾಸ್ ಗೀಸರು ಮತ್ತು ಸಿಲಿಂಡರು ಎರಡೂ ಬಚ್ಚಲ ಹೊರಗೆ, ಗಾಳಿಯಾಡುವ ಬಯಲಿನಲ್ಲಿರಬೇಕು. ಒಳಕ್ಕೆ ಬರಬೇಕಾದದ್ದು ಬಿಸಿನೀರಿನ ಕೊಳವೆಯೊಂದೇ. ಹಾಗೆ ಸಾಧ್ಯವಿಲ್ಲದ ಮನೆಯಲ್ಲಿ ಗ್ಯಾಸ್ ಗೀಸರು ಎಷ್ಟೇ ಅಗ್ಗವಾದರೂ ಬೇಡ; ಅಲ್ಲಿ ಕರೆಂಟಿನ ಚಿಕ್ಕ ಗೀಸರೋ, ಶಕ್ತಿಯಿದ್ದವರಿಗೆ ಹೀಟ್ ಪಂಪೋ ಆಗಲಿ. ತಿಂಗಳಿಗೆ ನೂರು ರೂಪಾಯಿ ಹೆಚ್ಚಾದರೂ ಅದು ನಷ್ಟವೆಂದು ಎಣಿಸಬಾರದು. ಯಾರಾದರೂ ಒಳಗೆ ಕುಸಿದದ್ದು ತಿಳಿದರೆ ಮೊದಲು ಬಾಗಿಲು ತೆರೆದು ಅವರನ್ನು ಹೊರಗಿನ ಗಾಳಿಗೆ ತನ್ನಿ, ಗ್ಯಾಸನ್ನು ನಿಲ್ಲಿಸಿ, ಸುಧಾರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಒಟ್ಟಿನಲ್ಲಿ ತೀರ್ಮಾನ ಹೀಗೆ: ಸ್ವಂತ ತಾರಸಿಗೆ ಬಿಸಿಲು ಬೀಳುತ್ತಿದ್ದರೆ ಸೋಲಾರ್, ಛತ್ರ, ವಸತಿಗೃಹ, ವಿದ್ಯಾರ್ಥಿನಿಲಯಗಳಿಗೆ ಹೀಟ್ ಪಂಪು, ಬಾಡಿಗೆ ಮನೆಗೆ ಹಳೆಯ ಬಿಲ್ಲನ್ನು ನೋಡಿ ಆರಿಸಿದ ಚಿಕ್ಕ ಗೀಸರು. ಯಂತ್ರವನ್ನು ಬದಲಾಯಿಸುವ ವಿಚಾರ ಮುಂದಿನ ಚಳಿಗಾಲದವರೆಗೆ ಕಾದೀತು. ಬಚ್ಚಲ ಒಳಗಿರುವ ಗ್ಯಾಸ್ ಗೀಸರನ್ನು ಹೊರಕ್ಕೆ ಹಾಕಿಸುವ ಕೆಲಸ ಮಾತ್ರ ನಾಳೆಯ ಸ್ನಾನದವರೆಗೂ ಕಾಯಬಾರದು.